ಹತ್ತನೆಯ ತರಗತಿಯ ವಿಜ್ಞಾನ: ಪುಸ್ತಕದಿಂದ ಆನ್‌ಲೈನ್ ಪಾಠಕ್ಕೆ

ಶಾಲೆಯ ಪಠ್ಯಪುಸ್ತಕವನ್ನು ಬರೆಯುವವರು ಅದರ ಪಕ್ಕದಲ್ಲಿ ಶಿಕ್ಷಕರೊಬ್ಬರು ಇದ್ದೇ ಇರುತ್ತಾರೆಂದು ನಂಬಿ ಬರೆಯುತ್ತಾರೆ. ಒಂದು ಪ್ರಯೋಗವನ್ನು ಹೇಳಿ, ಏನು ಕಾಣಿಸಿತು ಎಂದು ಕೇಳಿ, ಉತ್ತರ ಕೊಡದೆ ಮುಂದಿನ ಸಾಲಿಗೆ ಹೋಗುವ ಧೈರ್ಯ ಪುಸ್ತಕಕ್ಕೆ ಬರುವುದು ಆ ನಂಬಿಕೆಯಿಂದಲೇ. ಪುಸ್ತಕದಿಂದ ಆನ್‌ಲೈನ್ ಕೋರ್ಸು ಕಟ್ಟುವವರು ಮಾಡಬೇಕಾದದ್ದು, ಆ ಶಿಕ್ಷಕರು ತರಗತಿಯಲ್ಲಿ ಮಾಡುವ ಕೆಲಸವನ್ನು ಒಂದೊಂದಾಗಿ ಗುರುತಿಸಿ, ಮಗು ಒಂಟಿಯಾಗಿ ಕೂತಾಗಲೂ ಸಿಗುವಂತೆ ಸಿದ್ಧಪಡಿಸುವುದು. ಕರ್ನಾಟಕದ ಹತ್ತನೆಯ ತರಗತಿ ವಿಜ್ಞಾನ ಪುಸ್ತಕವನ್ನು ಕನಕಪುರ ತಾಲ್ಲೂಕಿನ ಮಕ್ಕಳಿಗಾಗಿ ಹೀಗೆ ಸಿದ್ಧಪಡಿಸುವ ಕ್ರಮವನ್ನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ಮತ್ತು ನಿವೃತ್ತ ವಿಷಯ ಪರಿವೀಕ್ಷಕರ ನಡುವಿನ ಈ ಸಂವಾದ ವಿವರಿಸುತ್ತದೆ.

ಶಿಕ್ಷಕಿ: ಸರ್, ಪುಸ್ತಕ ಕೈಯಲ್ಲಿದೆ, ಅಧ್ಯಾಯಗಳ ಪಟ್ಟಿಯೂ ಇದೆ. ಮೊದಲ ಅಧ್ಯಾಯದಿಂದ ವೀಡಿಯೊ ಮಾಡುತ್ತಾ ಹೋದರೆ ಆಗದೇ?

ಪರಿವೀಕ್ಷಕರು: ಕ್ಯಾಮೆರಾ ಆಮೇಲೆ ಬರಲಿ ಮೇಡಂ. ಈ ಕೋರ್ಸು ಯಾವ ಮಗುವಿಗೆ ಎಂಬುದು ಮೊದಲು ತೀರ್ಮಾನವಾಗಬೇಕು. ದಿನವೂ ಶಾಲೆಗೆ ಬಂದು ಸಂಜೆ ಅದೇ ಪಾಠವನ್ನು ಮತ್ತೊಮ್ಮೆ ನೋಡಬಯಸುವ ಮಗು ಒಂದು ಬಗೆ. ರೇಷ್ಮೆ ಹುಳು ಹಣ್ಣಾದ ವಾರ, ರಾಗಿ ಕೊಯ್ಲಿನ ವಾರ ಮನೆಯಲ್ಲೇ ಉಳಿದು ಹಿಂದೆ ಬಿದ್ದ ಮಗುವಿನ ಅಗತ್ಯ ಬೇರೆ. ಪರೀಕ್ಷೆಯಲ್ಲಿ ವಿಜ್ಞಾನ ಒಂದೇ ಉಳಿಸಿಕೊಂಡವರ ಅಗತ್ಯ ಇನ್ನೂ ಬೇರೆ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ಉಳಿದವರು ಪರೀಕ್ಷೆ-2ಕ್ಕೆ ಓದುವ ಕಾಲ ಬೇಸಿಗೆ ರಜೆಯ ಕಾಲ. ಶಾಲೆಯಲ್ಲಿ ವಿಶೇಷ ತರಗತಿ ನಡೆದರೂ ದೂರದ ಹಳ್ಳಿಯಿಂದ ಬಂದುಹೋಗುವುದು ಎಲ್ಲರಿಗೂ ಆಗುವುದಿಲ್ಲ. ಪಕ್ಕದಲ್ಲಿ ಕೇಳಲು ಯಾರೂ ಇಲ್ಲದ ಆ ಮಗುವನ್ನು ಎದುರಿಗಿಟ್ಟುಕೊಂಡು ಪಾಠ ಬರೆದರೆ ಉಳಿದ ಇಬ್ಬರಿಗೂ ಅದು ಸಾಕಾಗುತ್ತದೆ. ಚುರುಕಾದ ಮಗುವನ್ನು ನೆನೆದು ಬರೆದರೆ ಇವರು ಮೊದಲ ದಿನವೇ ಕೈಬಿಡುತ್ತಾರೆ.

ಶಿಕ್ಷಕಿ: ಕೋವಿಡ್ ಕಾಲದಲ್ಲಿ ಇದೆಲ್ಲ ಒಮ್ಮೆ ನಡೆದಿದೆಯಲ್ಲ ಸರ್. ಅದನ್ನೇ ಮುಂದುವರಿಸಬಹುದೇ?

ಪರಿವೀಕ್ಷಕರು: ಆ ಅನುಭವವನ್ನು ಬಿಡುವಂತಿಲ್ಲ. 2020ರ ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ಸೇತುಬಂಧ ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆ ಬಂದು ಶಿಕ್ಷಕರೇ ಊರೂರಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿಯ ಮೇಲೆ ಪಾಠ ಮಾಡಿದರು. ಟಿವಿ ಒಂದೇ ಸಲಕ್ಕೆ ರಾಜ್ಯದ ಎಲ್ಲರನ್ನೂ ತಲುಪುತ್ತದೆ. ಆದರೆ ಮಗು ತಡೆದು ಕೇಳುವಂತಿಲ್ಲ, ತಪ್ಪಿದ ಪಾಠ ತಪ್ಪಿತು. ಜಗಲಿಯ ಪಾಠದಲ್ಲಿ ಕೇಳಬಹುದಿತ್ತು, ತಲುಪಿದ್ದು ಕೆಲವರಿಗೆ. ಒಳ್ಳೆಯ ಆನ್‌ಲೈನ್ ಕೋರ್ಸು ಟಿವಿಯ ವಿಸ್ತಾರವನ್ನೂ ಜಗಲಿಯ ಮಾತುಕತೆಯನ್ನೂ ಆದಷ್ಟು ಕೂಡಿಸಬೇಕು. ಆ ಕಾಲದ ವೀಡಿಯೊಗಳನ್ನು ಬಳಸಲು ಅಡ್ಡಿಯಿಲ್ಲ. ಆದರೆ ಅವು ತುರ್ತಿಗೆ ಮಾಡಿದ ಪಾಠಗಳು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರ ಎರಡೇ ದಿನಗಳಲ್ಲಿ ಬಹು ಆಯ್ಕೆ ಪ್ರಶ್ನೆಗಳ ಮೇಲೆ ನಡೆಯಿತು. ಇಂದಿನ ಮಗು ಲಿಖಿತ ಪರೀಕ್ಷೆಯಲ್ಲಿ ವಿವರಿಸಿ ಬರೆಯಬೇಕು, ಚಿತ್ರ ಬಿಡಿಸಬೇಕು, ಸಮೀಕರಣ ಸರಿದೂಗಿಸಬೇಕು.

ಶಿಕ್ಷಕಿ: ಪುಸ್ತಕದ ಪಠ್ಯವನ್ನೇ ಎತ್ತಿ ಕೋರ್ಸಿನಲ್ಲಿ ಹಾಕಬಹುದೇ? ಸರ್ಕಾರದ ಪುಸ್ತಕ, ಎಲ್ಲರದೂ ತಾನೇ.

ಪರಿವೀಕ್ಷಕರು: ಓದಲು ಎಲ್ಲರದು, ಮರುಮುದ್ರಿಸಲು ಅಲ್ಲ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಹೊರತರುವುದು ಕರ್ನಾಟಕ ಪಠ್ಯಪುಸ್ತಕ ಸಂಘ. ಕೃತಿಸ್ವಾಮ್ಯ ಇದ್ದೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಬೋಧನೆಯ ವೇಳೆ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಕೃತಿಯೊಂದರ ಭಾಗವನ್ನು ಬಳಸಲು ಅವಕಾಶ ಕೊಡುತ್ತದೆ. ಅದನ್ನು ನಂಬಿ ಇಡೀ ಅಧ್ಯಾಯವನ್ನು ಲೋಕಕ್ಕೆಲ್ಲ ತೆರೆದಿಡುವುದು ಸರಿಯಲ್ಲ, ಅನುಮತಿ ಕೇಳಬೇಕು. ಅದರ ಅಗತ್ಯವೂ ಕಡಿಮೆ, ಏಕೆಂದರೆ ಪುಸ್ತಕ ಮಗುವಿನ ಚೀಲದಲ್ಲೇ ಇದೆ. ಕೋರ್ಸು ಆ ಪುಸ್ತಕವನ್ನು ತೆರೆಸಬೇಕು. ಇಂಥ ಪುಟ ತೆಗೆ, ಚಿತ್ರ ನೋಡು, ಕೆಳಗಿನ ಎರಡು ಸಾಲು ಓದಿ ಬಾ ಎಂದು ಕಳಿಸಬೇಕು. ಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ದೀಕ್ಷಾ ವೇದಿಕೆಗೆ ಕರೆದೊಯ್ಯುತ್ತದೆ. 2017ರ ಸೆಪ್ಟೆಂಬರ್ 5ರಂದು ಶುರುವಾದ ಆ ವೇದಿಕೆಯ ಆ್ಯಪ್‌ನಲ್ಲಿ ವಸ್ತುಗಳನ್ನು ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದಾಗಲೂ ನೋಡಬಹುದು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯೂ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಶಿಕ್ಷಕರೇ ಬರೆದ ಕನ್ನಡ ಸಾಮಗ್ರಿ ಇದೆ. ಇರುವುದನ್ನು ಹುಡುಕಿ, ಪರವಾನಗಿ ಓದಿ, ಬರೆದವರ ಹೆಸರು ಹಾಕಿ ಬಳಸಿದರೆ ಅರ್ಧ ಶ್ರಮ ಉಳಿಯುತ್ತದೆ.

ಶಿಕ್ಷಕಿ: ಹಾಗಾದರೆ ಒಂದು ಅಧ್ಯಾಯ ಹಿಡಿದು ನೋಡೋಣ ಸರ್. ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು.

ಪರಿವೀಕ್ಷಕರು: ಒಳ್ಳೆಯ ಆಯ್ಕೆ. ಅದನ್ನು ಮೊದಲಿಂದ ಕೊನೆಯವರೆಗೆ ಓದುವ ಬದಲು ಕೊನೆಯ ಅಭ್ಯಾಸದ ಪ್ರಶ್ನೆಗಳಿಂದ ಹಿಂದಕ್ಕೆ ಓದಬೇಕು. ಅಧ್ಯಾಯ ಮುಗಿದಾಗ ಮಗುವಿಗೆ ಏನು ಬರಬೇಕು ಎಂಬುದು ಅಲ್ಲಿ ಕಾಣುತ್ತದೆ. ಹಾಲಿನವನು ಹಾಲಿಗೆ ಚಿಟಿಕೆ ಅಡುಗೆ ಸೋಡ ಹಾಕುವ ಪ್ರಶ್ನೆ ಇದೆಯಲ್ಲ, ಹಾಲಿನ ಪಿಎಚ್ 6ರಿಂದ ಸ್ವಲ್ಪ ಪ್ರತ್ಯಾಮ್ಲದ ಕಡೆಗೆ ಏಕೆ ಸರಿಯುತ್ತದೆ, ಆ ಹಾಲು ಮೊಸರಾಗಲು ಏಕೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಕೇಳುವುದು? ಅದಕ್ಕೆ ಉತ್ತರಿಸಲು ಮಗುವಿಗೆ ಪಿಎಚ್ ಮಾನ ತಿಳಿದಿರಬೇಕು. ಅಡುಗೆ ಸೋಡ ಪ್ರತ್ಯಾಮ್ಲೀಯ ಎಂದು ಗೊತ್ತಿರಬೇಕು. ಹಾಲು ಮೊಸರಾಗುವಾಗ ಆಮ್ಲ ಹುಟ್ಟುತ್ತದೆ ಎಂಬುದೂ, ಹುಟ್ಟಿದ ಆಮ್ಲ ಮೊದಲು ಸೋಡವನ್ನು ತಟಸ್ಥಗೊಳಿಸಬೇಕು ಎಂಬುದೂ ಹೊಳೆಯಬೇಕು. ಒಂದು ಪ್ರಶ್ನೆಯ ಕೆಳಗೆ ನಾಲ್ಕು ಮೆಟ್ಟಿಲು. ತರಗತಿಯಲ್ಲಿ ಮಗು ಎಡವಿದ ಮೆಟ್ಟಿಲನ್ನು ಶಿಕ್ಷಕರು ಮುಖ ನೋಡಿಯೇ ತಿಳಿಯುತ್ತಾರೆ. ಕೋರ್ಸಿಗೆ ಮುಖ ಕಾಣದು, ಹಾಗಾಗಿ ಪ್ರತಿ ಮೆಟ್ಟಿಲಿಗೂ ಒಂದು ಚಿಕ್ಕ ಪಾಠ, ಅದರ ಹಿಂದೆಯೇ ಒಂದು ಚಿಕ್ಕ ಪ್ರಶ್ನೆ ಬೇಕು.

ಶಿಕ್ಷಕಿ: ಚಿಕ್ಕ ಪಾಠ ಎಂದರೆ ಎಷ್ಟು ಹೊತ್ತು? ನಮ್ಮ ಪೀರಿಯಡ್ಡು ನಲವತ್ತು ನಿಮಿಷ.

ಪರಿವೀಕ್ಷಕರು: ಆ ಅಳತೆಯನ್ನು ಇಲ್ಲಿಗೆ ತರಬಾರದು. 2014ರಲ್ಲಿ ಎಡ್‌ಎಕ್ಸ್ ವೇದಿಕೆಯ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ ಸಂಶೋಧಕರು, ವೀಡಿಯೊ ಆರು ನಿಮಿಷ ದಾಟಿದರೆ ನೋಡುವವರ ಗಮನ ಕುಸಿಯುತ್ತದೆಂದು ಕಂಡುಕೊಂಡರು. ಅವರು ನೋಡಿದ್ದು ಕಾಲೇಜು ಮಟ್ಟದ ಕಲಿಕೆದಾರರನ್ನು. ಹದಿನೈದರ ಮಗುವಿಗೂ ಆರು ನಿಮಿಷ ದಾಟದಿರುವುದೇ ಕ್ಷೇಮ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲೂ ಹೊಸ ವಿಷಯ ಹೇಳುವ ಹೊತ್ತು ಹತ್ತೋ ಹನ್ನೆರಡೋ ನಿಮಿಷ ಮಾತ್ರ. ಉಳಿದದ್ದು ಕೇಳುವುದು, ಕಾಯುವುದು, ಬೋರ್ಡಿಗೆ ಕರೆಯುವುದು, ನಿನ್ನೆಯದನ್ನು ನೆನಪಿಸುವುದು. ಕೋರ್ಸು ಮಾಡುವವರು ಹೇಳುವ ಭಾಗವನ್ನು ಮಾತ್ರ ಚಿತ್ರಿಸಿಕೊಂಡು, ಕಲಿಕೆ ನಿಜವಾಗಿ ನಡೆಯುವ ಉಳಿದ ಭಾಗವನ್ನು ಬಿಟ್ಟುಬಿಡುತ್ತಾರೆ. ಇದೇ ಹೆಚ್ಚಿನ ಕೋರ್ಸುಗಳ ದೊಡ್ಡ ಕೊರತೆ. ಆರು ನಿಮಿಷದ ಪಾಠದ ನಡುವೆ ಎರಡು ಕಡೆ ನಿಲ್ಲಿಸಿ, ಮುಂದೇನಾಗುತ್ತದೆ ಎಂದು ನೋಟ್ಸಿನಲ್ಲಿ ಬರೆಯಲು ಹೇಳಿ, ಬರೆಯುವಷ್ಟು ಹೊತ್ತು ಸುಮ್ಮನಿರಬೇಕು.

ಶಿಕ್ಷಕಿ: ಆ ಅಧ್ಯಾಯದ ತುಂಬ ಪ್ರಯೋಗಗಳೇ. ಲ್ಯಾಬ್ ಇಲ್ಲದ ಮನೆಯಲ್ಲಿ ಅವನ್ನೇನು ಮಾಡುವುದು?

ಪರಿವೀಕ್ಷಕರು: ಅವನ್ನು ವಿಂಗಡಿಸುವುದೇ ಈ ಕೋರ್ಸಿನ ತಿರುಳು ಮೇಡಂ. ಮನೆಯಲ್ಲಿ ಅಪಾಯವಿಲ್ಲದೆ ಆಗುವವು ಬಹಳ ಇವೆ. ಬಿಳಿ ಬಟ್ಟೆಯ ಚೂರಿಗೆ ಅರಿಶಿನ ಹಚ್ಚಿ ಸೋಪು ಉಜ್ಜಿದರೆ ಕೆಂಪಾಗುತ್ತದೆ, ನೀರಿನಲ್ಲಿ ಚೆನ್ನಾಗಿ ತೊಳೆದರೆ ಮತ್ತೆ ಹಳದಿ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಹಾಕಿದ ರಸ ನಿಂಬೆಹುಳಿಗೆ ಗಾಢ ಗುಲಾಬಿಯಾಗುತ್ತದೆ, ಸೋಡದ ನೀರಿಗೆ ಹಸಿರಾಗುತ್ತದೆ. ಹುಣಸೆ ನೀರಿಗೆ ಅಡುಗೆ ಸೋಡ ಹಾಕಿದರೆ ನೊರೆ ಉಕ್ಕುತ್ತದೆ. ವೀಳ್ಯದ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲಿನ ನೀರನ್ನು ಬಟ್ಟಲಿಗೆ ಬಗ್ಗಿಸಿ ರಾತ್ರಿಯಿಡೀ ತೆರೆದಿಟ್ಟರೆ ಬೆಳಗ್ಗೆ ಮೇಲೆ ತೆಳ್ಳನೆಯ ಬಿಳಿ ಕೆನೆ ಕಟ್ಟಿರುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸುಣ್ಣದ ನೀರಿನೊಡನೆ ಕ್ಯಾಲ್ಸಿಯಂ ಕಾರ್ಬೊನೇಟ್ ಆದದ್ದಕ್ಕೆ ಅದೇ ಸಾಕ್ಷಿ. ಶಾಲೆಯ ಪ್ರಯೋಗದಲ್ಲಿ ಸುಣ್ಣದ ತಿಳಿ ಹಾಲಿನಂತಾಗುವುದು ಇದೇ ಕ್ರಿಯೆಯಿಂದ. ಕೊಳವೆಯಿಂದ ಊದುವ ಬದಲು ಹೀಗೆ ಮಾಡಿದರೆ ಸುಣ್ಣದ ನೀರು ಬಾಯಿಗೆ, ಕಣ್ಣಿಗೆ ಸಿಡಿಯುವ ಭಯವಿಲ್ಲ.

ಶಿಕ್ಷಕಿ: ಸತುವಿನ ಚೂರಿಗೆ ಸಲ್ಫ್ಯೂರಿಕ್ ಆಮ್ಲ, ಹೈಡ್ರೋಜನ್ ಗುಳ್ಳೆ ಹೊತ್ತಿಸುವುದು?

ಪರಿವೀಕ್ಷಕರು: ಅದು ಶಾಲೆಯಲ್ಲಿ, ಶಿಕ್ಷಕರ ಎದುರಿಗೇ. ಕೋರ್ಸಿನಲ್ಲಿ ಅದರ ವೀಡಿಯೊ ಇರಲಿ, ಮನೆಯಲ್ಲಿ ಮಾಡಬಾರದೆಂದು ಹಣೆಯಲ್ಲೇ ಬರೆದಿರಲಿ. ವೀಡಿಯೊ ಮಾಡುವಾಗಲೂ ಶಾಟ್ ಆರಿಸುವುದರಲ್ಲಿ ಪಾಠವಿದೆ. ಮಾತಾಡುವ ಮುಖಕ್ಕಿಂತ ಪ್ರನಾಳದ ಬಾಯಿ ಕಾಣಬೇಕು. ಪ್ರಯೋಗ ಮೊದಲು ಮಾತಿಲ್ಲದೆ ನಡೆಯಲಿ, ಮಗು ಕಂಡದ್ದನ್ನು ಬರೆಯಲಿ, ವಿವರಣೆ ಆಮೇಲೆ ಬರಲಿ. ಇನ್ನು ಕಣ್ಣಿಗೆ ಕಾಣದ್ದು, ದ್ರಾವಣದಲ್ಲಿ ಅಯಾನುಗಳು ಬಿಡಿಬಿಡಿಯಾಗುವುದು, ಪ್ರಯೋಗದಿಂದಲೂ ತಿಳಿಯದು. ಅದಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಅನುಕರಣೆಗಳು ಬಹಳ ಒದಗುತ್ತವೆ. ಉಚಿತ, ಇಳಿಸಿಕೊಂಡರೆ ನೆಟ್ ಬೇಡ.

ಶಿಕ್ಷಕಿ: ಪುಸ್ತಕದಲ್ಲಿ ಚೆಲುವೆ ಪುಡಿ, ಅಂದರೆ ಬ್ಲೀಚಿಂಗ್ ಪೌಡರ್, ಒಂದೇ ಪ್ಯಾರಾದಲ್ಲಿ ಮುಗಿದುಹೋಗುತ್ತದೆ. ನಮ್ಮ ಮಕ್ಕಳಿಗೆ ಅದು ಬಾಯಿಪಾಠದ ಉತ್ತರವಾಗಿ ಉಳಿಯುತ್ತದೆ.

ಪರಿವೀಕ್ಷಕರು: ಕನಕಪುರದ ಮಕ್ಕಳಿಗೆ ಹಾಗಾಗಬಾರದು, ಏಕೆಂದರೆ ಆ ಪ್ಯಾರಾ ಅವರ ರೇಷ್ಮೆ ಹುಳು ಮನೆಯ ಪ್ಯಾರಾ. ಒಣ ಅರಳಿದ ಸುಣ್ಣದ ಮೇಲೆ ಕ್ಲೋರಿನ್ ಹಾಯಿಸಿದರೆ ಬ್ಲೀಚಿಂಗ್ ಪೌಡರ್ ಆಗುತ್ತದೆ ಎನ್ನುತ್ತದೆ ಪುಸ್ತಕ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಮುಂಚೆ ಹುಳು ಮನೆಯ ಗೋಡೆ, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಸೋಂಕು ತೊಲಗಲೆಂದು ತೊಳೆಯುವುದು ಅದರಲ್ಲೇ. ರೇಷ್ಮೆ ಇಲಾಖೆಯವರು ಹೇಳಿಕೊಡುವ ಅಳತೆ ನೂರಕ್ಕೆ 2 ಭಾಗ ಬ್ಲೀಚಿಂಗ್ ಪೌಡರ್, 0.3 ಭಾಗ ಅರಳಿದ ಸುಣ್ಣ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವಾಗ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುವುದನ್ನು ರೇಷ್ಮೆ ಬೆಳೆಯುವ ಮನೆಯ ಮಗು ಒಂದು ಬೆಳೆಯಲ್ಲಿ ನಾಲ್ಕು ಸಲ ನೋಡಿರುತ್ತದೆ. ಹತ್ತು ಲೀಟರ್ ದ್ರಾವಣಕ್ಕೆ ಎಷ್ಟು ಗ್ರಾಂ ಎಂಬ ಲೆಕ್ಕ ಕೇಳಿದರೆ ಮಗು 200 ಗ್ರಾಂ, 30 ಗ್ರಾಂ ಎಂದು ತಾನೇ ಹಾಕುತ್ತದೆ. ದ್ರಾವಣದ ಸಾರತೆಯ ಪಾಠವೂ ಅಲ್ಲೇ ಆಯಿತು. ಆದರೆ ಇದನ್ನು ನೋಡಿ ಬರೆಯುವ ಚಟುವಟಿಕೆಯಾಗಿ ಮಾತ್ರ ಇಡಬೇಕು. ಹಿಂದಿನ ಪಾಠದಲ್ಲಿ ಹುಣಸೆಹುಳಿಯೊಡನೆ ಆಡಿದ ಮಗು ಬ್ಲೀಚಿಂಗ್ ಪೌಡರಿಗೂ ಹುಳಿ ಬೆರೆಸೀತು. ಆಮ್ಲ ತಾಗಿದರೆ ಅದರಿಂದ ಕ್ಲೋರಿನ್ ಅನಿಲ ಹೊರಡುತ್ತದೆ. ಆ ಎಚ್ಚರಿಕೆಯನ್ನು ಸಮೀಕರಣದ ಪಕ್ಕದಲ್ಲೇ ಕೊಡಬೇಕು.

ಶಿಕ್ಷಕಿ: ಹೀಗೆ ಎಲ್ಲ ಅಧ್ಯಾಯಕ್ಕೂ ಊರಿನ ಉದಾಹರಣೆ ಸೇರಿಸಬಹುದಲ್ಲ ಸರ್. ನಮ್ಮ ಪರಿಸರ ಅಧ್ಯಾಯಕ್ಕೆ ರಾಮದೇವರ ಬೆಟ್ಟದ ರಣಹದ್ದು.

ಪರಿವೀಕ್ಷಕರು: ಸೇರಿಸಬಹುದು, ಜಾಗ ನೋಡಿ. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾಯಿತು, ದೇಶದಲ್ಲೇ ಮೊದಲನೆಯದು. ಆ ಹಕ್ಕಿಗಳು ದೇಶದಾದ್ಯಂತ ನಶಿಸಲು ಮುಖ್ಯ ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ. ಪಶು ಚಿಕಿತ್ಸೆಯಲ್ಲಿ ಅದನ್ನು 2006ರಲ್ಲಿ ನಿಷೇಧಿಸಿದರು. ಆಹಾರ ಸರಪಳಿಗೂ ಕೊಳೆಯುವಿಕೆಗೂ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಅದೇ ಅಧ್ಯಾಯದ ಜೈವಿಕ ವರ್ಧನೆಯ ಕೆಳಗೆ ಇದನ್ನು ತಂದಿಟ್ಟರೆ ಪಾಠ ತಪ್ಪುತ್ತದೆ. ಕೀಟನಾಶಕ ಸರಪಳಿಯ ಹಂತಹಂತಕ್ಕೂ ಸಾಂದ್ರವಾಗುತ್ತಾ ಮೇಲೇರುವುದು ಜೈವಿಕ ವರ್ಧನೆ. ಔಷಧ ಉಳಿದ ಹೆಣವನ್ನು ತಿಂದ ಹದ್ದು ಮೂತ್ರಪಿಂಡ ಕೆಟ್ಟು ಸಾಯುವುದು ನೇರ ವಿಷಪ್ರಾಶನ. ಊರಿನ ಉದಾಹರಣೆ ಎಂಬ ಪ್ರೀತಿಗೆ ಪರಿಕಲ್ಪನೆಯನ್ನು ಬಗ್ಗಿಸಬಾರದು. ಹೊಂದದಿದ್ದರೆ ಬಿಡುವುದೇ ಸರಿ.

ಶಿಕ್ಷಕಿ: ಪ್ರಶ್ನೆಗಳು? ದೀಕ್ಷಾದಲ್ಲೂ ಪ್ರಶ್ನೆಗಳಿವೆ, ಸರಿ ಅಥವಾ ತಪ್ಪು ಎಂದು ತೋರಿಸುತ್ತವೆ.

ಪರಿವೀಕ್ಷಕರು: ತಪ್ಪು ಎಂದು ತೋರಿಸಿದರೆ ಮಗುವಿಗೆ ಗೊತ್ತಾಗುವುದು ತಪ್ಪಿದ್ದೇನೆಂದು ಮಾತ್ರ. ಪಿಎಚ್ 3 ಇರುವ ದ್ರಾವಣದಲ್ಲಿ ಪಿಎಚ್ 5ರದ್ದಕ್ಕಿಂತ ಎಷ್ಟು ಪಟ್ಟು ಹೈಡ್ರೋಜನ್ ಅಯಾನುಗಳಿವೆ ಎಂದು ಕೇಳಿ. ಎರಡು ಪಟ್ಟು ಎಂದ ಮಗು ಐದರಲ್ಲಿ ಮೂರು ಕಳೆದಿದೆ. ಕಡಿಮೆ ಇವೆ ಎಂದ ಮಗು ಪಿಎಚ್ ಏರಿದರೆ ಆಮ್ಲ ಏರುತ್ತದೆಂದು ತಿಳಿದಿದೆ. ಇಪ್ಪತ್ತು ಪಟ್ಟು ಎಂದ ಮಗುವಿಗೆ ಹತ್ತರ ಲೆಕ್ಕ ಗೊತ್ತು, ಆದರೆ ಗುಣಿಸುವ ಕಡೆ ಕೂಡಿದೆ. ನೂರು ಪಟ್ಟು ಸರಿ. ಪ್ರತಿ ತಪ್ಪು ಆಯ್ಕೆಗೂ ಅದರದೇ ವಿವರಣೆ ಬರೆದು, ಸಂಬಂಧಪಟ್ಟ ಆರು ನಿಮಿಷದ ಪಾಠಕ್ಕೆ ವಾಪಸು ಕಳಿಸಬೇಕು. ನಾಲ್ಕು ಆಯ್ಕೆಯ ಒಂದು ಪ್ರಶ್ನೆ ಬರೆಯಲು ಅರ್ಧ ಗಂಟೆ ಹಿಡಿದರೆ ಅದು ದಂಡವಲ್ಲ. ಇಂಥ ಪ್ರಶ್ನೆಗಳನ್ನು ವರ್ಷಗಟ್ಟಲೆ ಉತ್ತರ ಪತ್ರಿಕೆ ತಿದ್ದಿದವರು ಮಾತ್ರ ಬರೆಯಬಲ್ಲರು, ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟರೆ ಬರುವುದಲ್ಲ. ಇನ್ನೊಂದು: ಓದಿದ್ದನ್ನೇ ಮತ್ತೆ ಓದುವವರಿಗಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವವರಿಗೆ ವಾರದ ನಂತರ ಹೆಚ್ಚು ಉಳಿದಿರುತ್ತದೆಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದರು. ಆಮ್ಲದ ಪ್ರಶ್ನೆ ಅದೇ ದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಿದ್ಯುಚ್ಛಕ್ತಿ ಪಾಠದ ನಡುವೆ ಇನ್ನೊಮ್ಮೆ ಎದುರಾಗಬೇಕು.

ಶಿಕ್ಷಕಿ: ಆದರೆ ಪರೀಕ್ಷೆಯಲ್ಲಿ ಬರೆಯಬೇಕಾದದ್ದು 80 ಅಂಕದ ಲಿಖಿತ ಉತ್ತರ. ಅದನ್ನು ಫೋನ್ ತಿದ್ದುವುದಿಲ್ಲ.

ಪರಿವೀಕ್ಷಕರು: ತಿದ್ದಬೇಕಾಗಿಲ್ಲ. ಮೂರು ಅಂಕದ ಪ್ರಶ್ನೆಗೆ ಮಗು ಕಾಗದದಲ್ಲಿ ಉತ್ತರ ಬರೆಯಲಿ. ಆಮೇಲೆ ಮಾದರಿ ಉತ್ತರ ಒಂದು, ಎರಡು ಅಂಕ ಮಾತ್ರ ಬರುವ ಅರೆಬರೆ ಉತ್ತರ ಒಂದು, ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ ಅಂಕ ಎಲ್ಲಿ ಹೋಯಿತೆಂದು ಬಿಡಿಸಿ ಹೇಳಬೇಕು. ತನ್ನ ಉತ್ತರಕ್ಕೆ ತಾನೇ ಅಂಕ ಹಾಕುವುದನ್ನು ಮಗು ಹಾಗೆ ಕಲಿಯುತ್ತದೆ. ವಾರಕ್ಕೊಂದು ಉತ್ತರದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಶಿಕ್ಷಕರಿಗೆ ಬಂದರೆ ಸಾಕು. ಕಿರಣ ಚಿತ್ರವನ್ನೂ ಕಾಗದದಲ್ಲೇ ಬಿಡಿಸಿ ಕಳಿಸಲಿ. ಉಳಿದ 20 ಅಂಕದ ಆಂತರಿಕ ಮೌಲ್ಯಮಾಪನ ಶಾಲೆಯದು, ಅದನ್ನು ಕೋರ್ಸಿಗೆ ಎಳೆಯಬೇಡಿ.

ಶಿಕ್ಷಕಿ: ಫೋನಿನ ವಿಷಯಕ್ಕೆ ಬಂದರೆ, ಮನೆಗೊಂದೇ ಇರುತ್ತದೆ. ಅದೂ ಅಪ್ಪನ ಜೇಬಿನಲ್ಲಿ, ರಾತ್ರಿ ಎಂಟರ ಮೇಲೆ ಮನೆಗೆ ಬರುತ್ತದೆ.

ಪರಿವೀಕ್ಷಕರು: ಕೋಡಿಹಳ್ಳಿ, ಉಯ್ಯಂಬಳ್ಳಿ ಕಡೆ ಕಾವೇರಿ ವನ್ಯಧಾಮದ ಅಂಚಿಗೆ ಹೋದಷ್ಟೂ ಗುಡ್ಡದ ಮರೆಗೆ ಸಿಗ್ನಲ್ಲೂ ತೆಳುವಾಗುತ್ತದೆ. ಹಾಗಾಗಿ ಕೋರ್ಸಿನ ಭಾರವನ್ನು ಲೆಕ್ಕ ಹಾಕಬೇಕು. ಆರು ನಿಮಿಷದ ವೀಡಿಯೊ ಸೆಕೆಂಡಿಗೆ 400 ಕಿಲೋಬಿಟ್ ದರದಲ್ಲಿ 18 ಎಂಬಿ ಆಗುತ್ತದೆ. ಅದೇ ಆರು ನಿಮಿಷದ ಧ್ವನಿ 32 ಕಿಲೋಬಿಟ್‌ನಲ್ಲಿ ಒಂದೂವರೆ ಎಂಬಿಯೂ ಇಲ್ಲ. ಚಲನೆ ಕಾಣಲೇಬೇಕಾದ ಪ್ರಯೋಗಕ್ಕೆ ಮಾತ್ರ ವೀಡಿಯೊ, ಉಳಿದ ವಿವರಣೆಗೆ ಪುಸ್ತಕದ ಪುಟ ತೆರೆದಿಟ್ಟುಕೊಂಡು ಕೇಳುವ ಧ್ವನಿ ಪಾಠ. ಒಂದು ವಾರದ ಪಾಠವನ್ನು ಶಾಲೆಯ ವೈಫೈನಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ ಒಟ್ಟಿಗೆ ಇಳಿಸಿಕೊಳ್ಳುವಂತಿರಬೇಕು. ಇಂತಿಷ್ಟು ಗಂಟೆಗೆ ಲೈವ್ ತರಗತಿ ಎಂದು ಇಟ್ಟರೆ ಫೋನ್ ಹೊಲದಲ್ಲಿರುವ ಮನೆಯ ಮಗುವಿಗೆ ಅದು ಇಲ್ಲದ ಹಾಗೆಯೇ.

ಶಿಕ್ಷಕಿ: ಪುಸ್ತಕದ ಪಿಡಿಎಫ್‌ನಿಂದ ಒಂದು ವಾಕ್ಯ ನಕಲು ಮಾಡಿದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಬರುತ್ತವೆ.

ಪರಿವೀಕ್ಷಕರು: ನುಡಿಯಂಥ ಹಳೆಯ ಅಕ್ಷರಶೈಲಿಗಳಲ್ಲಿ ಜೋಡಿಸಿದ ಕಡತಗಳ ಪಾಡು ಅದು. ಪರಿವರ್ತಕಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು, ರಾಸಾಯನಿಕ ಸೂತ್ರದ ಕೆಳಸಂಖ್ಯೆ ಇಲ್ಲೆಲ್ಲ ಕೈತಪ್ಪುತ್ತದೆ. ಕೋರ್ಸಿನ ಪ್ರತಿ ಅಕ್ಷರವೂ ಯೂನಿಕೋಡ್‌ನಲ್ಲಿರಬೇಕು. ಹಾಗಿದ್ದರೆ ಮಾತ್ರ ಹುಡುಕಿದರೆ ಸಿಗುತ್ತದೆ, ದೃಷ್ಟಿದೋಷವಿರುವ ಮಗುವಿಗೆ ಫೋನು ಓದಿ ಹೇಳುತ್ತದೆ. ಪಾಠವನ್ನು ಚಿತ್ರವಾಗಿ ಹಾಕಿದರೆ ಆ ಮಗುವಿಗೆ ಬಾಗಿಲು ಮುಚ್ಚಿದಂತೆ. ಇದೇ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೂಚಕಗಳ ಪಾಠವೆಲ್ಲ ಬಣ್ಣದ ಪಾಠ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಹುಡುಗರು ಇರುತ್ತಾರೆ. ಬಣ್ಣ ತೋರಿಸುವಾಗ ಅದರ ಹೆಸರನ್ನು ಬಾಯಲ್ಲೂ ಹೇಳಬೇಕು, ಬರಹದಲ್ಲೂ ಇಡಬೇಕು.

ಶಿಕ್ಷಕಿ: ಯಾವ ವೇದಿಕೆ ಸರ್? ಮೂಡಲ್ ಹಾಕೋಣವೇ?

ಪರಿವೀಕ್ಷಕರು: ನೋಡಿಕೊಳ್ಳುವವರಿದ್ದರೆ ಮೂಡಲ್ ಚೆನ್ನ, ಉಚಿತ, ಕನ್ನಡದಲ್ಲೂ ಇದೆ. ಇಲ್ಲದಿದ್ದರೆ ಇಲಾಖೆಯ ಮೂಲಕ ದೀಕ್ಷಾಕ್ಕೇ ಕೊಡುವುದು ಲೇಸು. ಎಲ್ಲೇ ಇಟ್ಟರೂ ಮಗುವಿನ ಹೆಸರು, ಫೋಟೊ, ಮನೆಯ ನಂಬರು ಕೇಳದೆ ಪಾಠ ತೆರೆಯುವಂತಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಬೇಡದ ಮಾಹಿತಿಯನ್ನು ಕೂಡಿಡದಿದ್ದರೆ ಆ ತೊಡಕೇ ಬಾರದು.

ಶಿಕ್ಷಕಿ: ಒಂದು ಅಧ್ಯಾಯ ಸಿದ್ಧವಾಯಿತು ಎಂದುಕೊಳ್ಳೋಣ. ಸರಿಯಿದೆಯೆಂದು ಹೇಗೆ ತಿಳಿಯುವುದು?

ಪರಿವೀಕ್ಷಕರು: ಐದಾರು ಮಕ್ಕಳಿಗೆ ಫೋನ್ ಕೊಟ್ಟು, ಪಕ್ಕದಲ್ಲಿ ಕೂತು, ಏನೂ ಹೇಳದೆ ನೋಡಿ. ವಿಜ್ಞಾನದಲ್ಲಿ ಕಷ್ಟಪಡುವ ಮಕ್ಕಳೇ ಇರಲಿ. ಎಲ್ಲಿ ಹಿಂದಕ್ಕೆ ಎಳೆದು ಮತ್ತೆ ಕೇಳುತ್ತಾರೋ ಅಲ್ಲಿ ವಿವರಣೆ ಸಾಲದು. ಎಲ್ಲಿ ಓಡಿಸುತ್ತಾರೋ ಅಲ್ಲಿ ಮಾತು ಹೆಚ್ಚಾಗಿದೆ. ಎಲ್ಲರೂ ಒಂದೇ ತಪ್ಪು ಆಯ್ಕೆ ಒತ್ತಿದರೆ ತಪ್ಪು ಮಕ್ಕಳದಲ್ಲ, ಪಾಠದ್ದು. ಅದನ್ನು ತಿದ್ದಿ ಇನ್ನೊಂದು ಶಾಲೆಯ ಮಕ್ಕಳಿಗೆ ಕೊಡಿ. ಈ ಅಧ್ಯಾಯ ನಿಂತಮೇಲೆ ಉಳಿದವಕ್ಕೆ ಪುಸ್ತಕದ ಕ್ರಮ ಬೇಕಿಲ್ಲ. ಬೆಳಕು, ವಿದ್ಯುಚ್ಛಕ್ತಿ, ರಾಸಾಯನಿಕ ಸಮೀಕರಣ, ಹೀಗೆ ಮಕ್ಕಳು ಹೆಚ್ಚು ಅಂಕ ಕಳೆದುಕೊಳ್ಳುವ ಕಡೆಯಿಂದ ಮಾಡುತ್ತಾ ಬನ್ನಿ.

ಶಿಕ್ಷಕಿ: ಪುಸ್ತಕ ಪರಿಷ್ಕರಣೆಯಾದರೆ?

ಪರಿವೀಕ್ಷಕರು: ಆಗೇ ಆಗುತ್ತದೆ, ಪುಟ ಸಂಖ್ಯೆ ಬದಲಾಗುತ್ತದೆ, ಭಾಗಗಳು ಬಿಟ್ಟುಹೋಗುತ್ತವೆ. ಚಿಕ್ಕ ಚಿಕ್ಕ ಪಾಠಗಳಾಗಿ ಕಟ್ಟಿದ್ದರೆ ಬೇಡವಾದ ತುಂಡನ್ನು ಮಾತ್ರ ತೆಗೆಯಬಹುದು. ಪುಟ ಸಂಖ್ಯೆಯನ್ನು ಧ್ವನಿಯಲ್ಲಿ ಹೇಳದೆ ಬರಹದಲ್ಲಷ್ಟೇ ಕೊಡಿ, ತಿದ್ದುವುದು ಸುಲಭ. ಪ್ರತಿ ಪಾಠದ ಕೆಳಗೆ ಯಾವ ವರ್ಷದ ಮುದ್ರಣಕ್ಕೆ ಬರೆದದ್ದೆಂದು ನಮೂದಿಸಿ. ಮೂಲ ಕಡತಗಳು ಒಬ್ಬರ ಲ್ಯಾಪ್‌ಟಾಪಿನಲ್ಲಿ ಉಳಿಯದೆ ಶಾಲೆಯಲ್ಲೂ ಒಂದು ಪ್ರತಿ ಇರಲಿ, ವರ್ಗಾವಣೆಯಾಗಿ ಬರುವ ಶಿಕ್ಷಕರು ಅಲ್ಲಿಂದಲೇ ಮುಂದುವರಿಸಬಹುದು. ಮೇ ತಿಂಗಳಲ್ಲಿ ಹೊಸ ಪುಸ್ತಕ ಶಾಲೆಗೆ ಬಂದಾಗ ಇಬ್ಬರು ಶಿಕ್ಷಕರು ಕೂತು ಅಧ್ಯಾಯ ಅಧ್ಯಾಯಕ್ಕೂ ಹೊಂದಿಸಿ ನೋಡಿದರೆ ಜೂನ್‌ನಲ್ಲಿ ತರಗತಿ ಶುರುವಾಗುವ ಹೊತ್ತಿಗೆ ಕೋರ್ಸು ಸಿದ್ಧವಿರುತ್ತದೆ.